ಮೊದಲ ಪಾಲಿಶಿಂಗ್ ಮೆಷಿನ್ ಯಾವುದು ತಗೊಳ್ಳಲಿ? ಕಪ್ಪು ಕಾರು, ಬೋರ್‌ವೆಲ್ ನೀರು, ಅಪಾರ್ಟ್‌ಮೆಂಟ್ ಪಾರ್ಕಿಂಗ್

ಕಪ್ಪುಕಾರು_ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನದು ಆರು ವರ್ಷದ ಕಪ್ಪು ಹ್ಯಾಚ್‌ಬ್ಯಾಕ್. ಎಲ್ಲೂ ಗುದ್ದಿಲ್ಲ, ಪೇಂಟ್ ಪೂರ್ತಿ ಕಂಪನಿಯದೇ. ಆದರೆ ಅಪಾರ್ಟ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲಾಗಿ ಎಲ್ಲ ಕಾರನ್ನೂ ಒರೆಸುತ್ತಾರೆ. ಈಗ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬಾ ಸಣ್ಣ ಸಣ್ಣ ಸುತ್ತು ಗೀರು. ಜೊತೆಗೆ ಬೋರ್‌ವೆಲ್ ನೀರಿನ ಬಿಳಿ ಕಲೆ.

ಒಮ್ಮೆ ಹೊರಗೆ ರಬ್ಬಿಂಗ್ ಪಾಲಿಶ್ ಮಾಡಿಸಿದ್ದೆ. ಒಂದೆರಡು ವಾಶ್ ಆಗುವವರೆಗೆ ಫಳಫಳ. ಆಮೇಲೆ ಗೀರೆಲ್ಲಾ ವಾಪಸ್. ಹಾಗಾಗಿ ನಾನೇ ಕಲಿಯೋಣ ಅಂತ ತೀರ್ಮಾನ ಮಾಡಿದ್ದೇನೆ. ಮೆಷಿನ್, ಪ್ಯಾಡ್, ಕಾಂಪೌಂಡ್ (ಪ್ಯಾಡಿಗೆ ಹಚ್ಚಿ ಉಜ್ಜುವ ಪೇಸ್ಟ್) ಎಲ್ಲಾ ಸೇರಿ 15 ಸಾವಿರ ಇಟ್ಟುಕೊಂಡಿದ್ದೇನೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿದೆ. ಅಂಗಡಿಯವರು ರೋಟರಿ ಪಾಲಿಶರ್ ತೋರಿಸಿ "ಎಲ್ಲಾ ಗ್ಯಾರೇಜಿನವರೂ ಇದನ್ನೇ ಒಯ್ಯೋದು" ಅಂದರು. ಆನ್‌ಲೈನ್‌ನಲ್ಲಿ ಎರಡು ಸಾವಿರದೊಳಗೂ "ಕಾರ್ ಪಾಲಿಶರ್" ಸಿಗುತ್ತದೆ. ಮನೆಯಲ್ಲಿ 4 ಇಂಚಿನ ಗ್ರೈಂಡರ್ ಇದೆ, ಅದಕ್ಕೇ ಸ್ಪಾಂಜ್ ಪ್ಯಾಡ್ ಹಾಕಬಹುದಾ? ತಿಳಿದವರು ಹೇಳಿ.

ಭಾನುವಾರದ_ಬಕೆಟ್:

ಗ್ರೈಂಡರ್ ಪ್ರಶ್ನೆಗೆ ಮೊದಲು ಉತ್ತರ: ಬೇಡವೇ ಬೇಡ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್ ಕೆಲಸಕ್ಕೆ ಬೇಕಾಗಿರೋದು 600ರಿಂದ 2,000 ಸುತ್ತು. ಆ ವೇಗಕ್ಕೆ ಪ್ಯಾಡ್ ಕಿತ್ತು ಹಾರುತ್ತದೆ, ಇಲ್ಲವೇ ಪೇಂಟ್ ಸುಡುತ್ತದೆ. ಎರಡೂ ಕೆಲವೇ ಸೆಕೆಂಡಿನ ಮಾತು.

ಈಗ ಮೆಷಿನ್ ವಿಷಯ. ಅದಕ್ಕೆ ಮುಂಚೆ ನಿಮ್ಮ ಕಾರಿನ ಮೇಲೆ ಏನಿದೆ ಅಂತ ತಿಳಿದುಕೊಳ್ಳಿ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇರಬಹುದು, ಅಷ್ಟೇ. ಪಾಲಿಶ್ ಅಂದರೆ ಗೀರಿಗೆ ಏನೋ ತುಂಬುವುದಲ್ಲ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ತಳದವರೆಗೆ ತೆಳುವಾಗಿ ಸವೆಸುವುದು. ಸವೆದದ್ದು ವಾಪಸ್ ಬರುವುದಿಲ್ಲ. ಬಿಸಿಲು, ಮಳೆ ತಡೆಯುವುದೂ ಅದೇ ಪದರ. ನೀವು ಹೊರಗೆ ಮಾಡಿಸಿದ್ದರಲ್ಲಿ ಗೀರು ವಾಪಸ್ ಬಂದಿದೆ ಅಂದರೆ ಅಲ್ಲಿ ಸವೆಸಿರಲಿಲ್ಲ. ಎಣ್ಣೆಯಂಶ ಇರುವ ಗ್ಲೇಜ್ ಹಚ್ಚಿ ಮುಚ್ಚಿದ್ದರು, ನೀರು ಬಿದ್ದ ಹಾಗೆ ಅದು ಹೋಯಿತು.

ರೋಟರಿಯಲ್ಲಿ ಮೋಟಾರ್ ಪ್ಯಾಡನ್ನು ನೇರವಾಗಿ ತಿರುಗಿಸುತ್ತದೆ. ನೀವು ಎಷ್ಟೇ ಒತ್ತಿದರೂ ಅದು ತಿರುಗುತ್ತಲೇ ಇರುತ್ತದೆ. ಶಾಖವೆಲ್ಲಾ ಒಂದೇ ಜಾಗದಲ್ಲಿ ಸೇರುತ್ತದೆ. ಡ್ಯುಯಲ್ ಆಕ್ಷನ್, ಅಂದರೆ ಡಿಎ ಮೆಷಿನ್ ಬೇರೆ ಥರ. ಅಲ್ಲಿ ಮೋಟಾರ್ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕೂತ ಸ್ಪಿಂಡಲ್ಲನ್ನು ಸುತ್ತಿಸುತ್ತದೆ. ಪ್ಯಾಡ್ ಮಾತ್ರ ಬೇರಿಂಗ್ ಮೇಲೆ ತನ್ನಷ್ಟಕ್ಕೆ ತಿರುಗುತ್ತದೆ. ಜಾಸ್ತಿ ಒತ್ತಿದರೆ, ಇಲ್ಲವೇ ಪ್ಯಾಡ್ ಓರೆಯಾದರೆ ತಿರುಗುವುದು ನಿಂತು ಸುಮ್ನೆ ಅದುರುತ್ತದೆ.

ವಿಡಿಯೋಗಳಲ್ಲಿ ಇದನ್ನೇ ಡಿಎ ಮೆಷಿನ್ನಿನ ದೋಷ ಅನ್ನುತ್ತಾರೆ. ನನ್ನ ಪ್ರಕಾರ ಕಲಿಯುವವರಿಗೆ ಇದೇ ದೊಡ್ಡ ರಕ್ಷಣೆ. ಕೈ ತಪ್ಪು ಮಾಡಿದ ಕೂಡಲೇ ಕೆಲಸ ನಿಲ್ಲಿಸುವ ಮೆಷಿನ್ ಅದು. ರೋಟರಿಗೆ ಆ ಗುಣ ಇಲ್ಲ. ಮೊದಲ ಮೆಷಿನ್ ಡಿಎ ಆಗಿರಲಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಎರಡು ಸಾವಿರದೊಳಗಿನ ದೊಡ್ಡ ತಟ್ಟೆಯ ಪಾಲಿಶರ್, ಅದಕ್ಕೆ ಟೋಪಿಯಂಥ ಬಟ್ಟೆ ಹೊದಿಸಿರುತ್ತಾರಲ್ಲ, ಅದು ವ್ಯಾಕ್ಸ್ ಹಚ್ಚಲು, ಒರೆಸಲು ಮಾತ್ರ. ಒಂದು ಗೀರೂ ಹೋಗುವುದಿಲ್ಲ.

ಪೇಂಟ್‌ಬೂತ್_ಹುಬ್ಬಳ್ಳಿ:

ರೋಟರಿ ಬಗ್ಗೆ ಇಷ್ಟು ಹೆದರಿಸಬೇಡ್ರಿ ಸರ್. ನಮ್ಮ ಹೊಟ್ಟೆ ತುಂಬಿಸಿದ್ದೇ ಅದು. ಪೇಂಟ್ ಹೊಡೆದ ಮೇಲೆ ಧೂಳು ಕೂತಿರುತ್ತದೆ, 2000 ನಂಬರ್ ಸ್ಯಾಂಡ್‌ಪೇಪರಿನಲ್ಲಿ ನೀರು ಹಾಕಿ ತಿಕ್ಕಿರುತ್ತೇವೆ. ಆ ಪೇಪರ್ ಗುರುತು ತೆಗೆಯಲು ಉಣ್ಣೆ ಪ್ಯಾಡ್ ಹಾಕಿದ ರೋಟರಿಗೆ ಸಮ ಯಾವುದೂ ಇಲ್ಲ. ಡಿಎಯಲ್ಲಿ ಒಂದು ಗಂಟೆ ಹಿಡಿಯುವ ಕೆಲಸ ಇದರಲ್ಲಿ ಕಾಲು ಗಂಟೆಗೆ ಮುಗಿಯುತ್ತದೆ. ಗ್ಯಾರೇಜಿನಲ್ಲಿ ಸಮಯವೇ ದುಡ್ಡು.

ಆದರೆ ನಾವು ಕಲಿತದ್ದು ಗುಜರಿ ಬಾನೆಟ್ ಮೇಲೆ. ಮೇಸ್ತ್ರಿ ತಿಂಗಳುಗಟ್ಟಲೆ ಗಿರಾಕಿ ಕಾರು ಮುಟ್ಟಲು ಬಿಡುತ್ತಿರಲಿಲ್ಲ. ಹೊಸಬರಿಗೆ ನಾನೂ ಡಿಎ ತಗೋರಿ ಅಂತಲೇ ಹೇಳುತ್ತೇನೆ.

ಯಾವ ಮೆಷಿನ್ ಆದರೂ ಎರಡು ಜಾಗ ನೆನಪಿಡ್ರಿ. ಒಂದು, ಅಂಚು. ಬಾಗಿಲಿನ ಗೆರೆ, ಬಾನೆಟ್ಟಿನ ಮಡಿಕೆ, ಮಡ್‌ಗಾರ್ಡ್ ಉಬ್ಬು, ಇಲ್ಲೆಲ್ಲಾ ಪೇಂಟ್ ತೆಳು. ಹೊಡೆಯುವಾಗಲೇ ಬಣ್ಣ ಅಂಚಿನಿಂದ ಸರಿದು ಕೂರುತ್ತದೆ. ಪ್ಯಾಡ್ ಅಲ್ಲಿ ಕಡಿಮೆ ಜಾಗಕ್ಕೆ ತಾಗುವುದರಿಂದ ಒತ್ತಡವೂ ಜಾಸ್ತಿ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ. ಎರಡು, ಬಂಪರ್. ತಗಡು ಶಾಖವನ್ನು ಹರಡಿ ತಣ್ಣಗಾಗುತ್ತದೆ. ಪ್ಲಾಸ್ಟಿಕ್ ಹಾಗಲ್ಲ, ಶಾಖ ಅಲ್ಲೇ ನಿಲ್ಲುತ್ತದೆ. ಬಾನೆಟ್ ಮೇಲೆ ನಡೆಯುವ ವೇಗ ಬಂಪರ್ ಮೇಲೆ ನಡೆಯುವುದಿಲ್ಲ. ಆಗಾಗ ಅಂಗೈ ಇಟ್ಟು ನೋಡ್ರಿ. ಬೆಚ್ಚಗೆ ಇರಬಹುದು. ಕೈ ಇಡಲು ಆಗದಷ್ಟು ಬಿಸಿ ಆದರೆ ಅಲ್ಲಿಗೆ ನಿಲ್ಲಿಸಿ, ಬೇರೆ ಜಾಗಕ್ಕೆ ಹೋಗಿ.

ಇನ್ನೊಂದು. ಕಪ್ಪು ಕಾರಿನ ಮೇಲೆ ರೋಟರಿ ಆಡಿಸಿದರೆ ಕೈ ಪಳಗಿದವರಿಗೂ ಬಿಸಿಲಿನಲ್ಲಿ ಹೊಲೊಗ್ರಾಮ್ ಕಾಣುತ್ತದೆ, ಪ್ಯಾಡ್ ಓಡಾಡಿದ ದಾರಿಯ ಗುರುತು. ಅದನ್ನು ತೆಗೆಯಲು ನಾವೂ ಕೊನೆಗೆ ಡಿಎ ಹಿಡಿಯುತ್ತೇವೆ.

ಕಪ್ಪುಕಾರು_ಮೈಸೂರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಿಎ ಅಂತ ಖಚಿತವಾಯಿತು. ಆದರೆ ಅದರಲ್ಲೂ 8 ಎಂಎಂ, 15 ಎಂಎಂ, 21 ಎಂಎಂ ಅಂತ ಬರೆದಿದ್ದಾರೆ. ಜಾಸ್ತಿ ಇದ್ದಷ್ಟು ಒಳ್ಳೆಯದಾ? ಅಮೆರಿಕದಲ್ಲಿರುವ ಅಣ್ಣ ಮುಂದಿನ ತಿಂಗಳು ಬರುತ್ತಿದ್ದಾರೆ, ಅಲ್ಲಿಂದ ತರಿಸಿಕೊಳ್ಳಲಾ? ಗೆಳೆಯರೊಬ್ಬರು ಗೇರ್ ಇರುವ ಡಿಎ ನಿಲ್ಲೋದೇ ಇಲ್ಲ, ಅದನ್ನೇ ತಗೋ ಅಂತಾರೆ.

ಟೆಕ್ಸಾಸ್_ಕನ್ನಡಿಗ:

ಅಣ್ಣನ ಕೈಯಲ್ಲಿ ತರಿಸಬೇಡಿ. ಇಲ್ಲಿ ಸಿಗುವ ಮೆಷಿನ್‌ಗಳು 120 ವೋಲ್ಟಿನವು. ಅಲ್ಲಿ 230. ನೇರವಾಗಿ ಚುಚ್ಚಿದರೆ ಮೋಟಾರ್ ಹೋಯಿತು ಅಂತಲೇ ಲೆಕ್ಕ. ಪ್ರವಾಸಕ್ಕೆ ಒಯ್ಯುವ ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. 1,000 ವ್ಯಾಟ್ ತಡೆಯುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ಭಾರ, ಅದಕ್ಕೂ ದುಡ್ಡು. ಕೆಟ್ಟರೆ ಅಲ್ಲಿ ವಾರಂಟಿ ಸಿಗುವುದು ಕಷ್ಟ.

ಬ್ಯಾಟರಿ ಮೆಷಿನ್ ಆದರೆ ಬೇರೆ ಮಾತು. ಡಿವಾಲ್ಟ್‌ನವರು ಇಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತ ಮಾರುವುದೂ ಬೇರೆ ದೇಶಗಳಲ್ಲಿ 18 ವೋಲ್ಟ್ ಅಂತ ಮಾರುವುದೂ ಒಂದೇ ಬ್ಯಾಟರಿ ವ್ಯವಸ್ಥೆ. ಚಾರ್ಜರ್ ಮಾತ್ರ ಅಲ್ಲಿಯದೇ ಕೊಳ್ಳಬೇಕು. ಅಣ್ಣನಿಂದ ಏನಾದರೂ ತರಿಸಲೇಬೇಕು ಅಂದರೆ ಒಳ್ಳೆಯ ಪ್ಯಾಡ್, ಮೈಕ್ರೋಫೈಬರ್ ಬಟ್ಟೆ ತರಿಸಿ. ತೂಕವೂ ಇಲ್ಲ, ವೋಲ್ಟೇಜ್ ತಲೆನೋವೂ ಇಲ್ಲ.

ಕುಂದಾಪುರ_ರಸ್ತೆ:

ಬ್ಯಾಟರಿ ಮೆಷಿನ್ ಮಾತು ಬಂತಲ್ಲ. ನನ್ನ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಹಾಗಾಗಿ ಲೆಕ್ಕ ಹಾಕಿದ್ದೆ. 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್-ಅವರ್. ಮೆಷಿನ್ 300 ವ್ಯಾಟ್ ಎಳೆದರೂ 18 ನಿಮಿಷಕ್ಕೆ ಖಾಲಿ. ಪೂರ್ತಿ ಕಾರು ಸರಿಯಾಗಿ ಮಾಡಲು ಹೊಸಬರಿಗೆ ಒಂದಿಡೀ ದಿನ ಬೇಕು. ಹಾಗಾದರೆ ಬ್ಯಾಟರಿ ಎಷ್ಟು ಬೇಕು ನೀವೇ ನೋಡಿ. ಈಗಾಗಲೇ ಅದೇ ಕಂಪನಿಯ ಡ್ರಿಲ್, ಬ್ಯಾಟರಿ ಮನೆಯಲ್ಲಿ ಇದ್ದವರಿಗೆ ಸರಿ. ಮೊದಲ ಮೆಷಿನ್ ಅಂದರೆ ವೈರಿನದೇ ಲೇಸು.

ಡಿಎ ಮೆಷಿನ್‌ಗಳು ಸಾಮಾನ್ಯವಾಗಿ 500ರಿಂದ 900 ವ್ಯಾಟ್. ಮನೆಯ 6 ಆಂಪಿಯರ್ ಸಾಕೆಟ್ ಸಾಕು. ಎಕ್ಸ್‌ಟೆನ್ಷನ್ ವೈರ್ ಮಾತ್ರ ದಪ್ಪದ್ದು ತಗೊಳ್ಳಿ, 1.5 ಸ್ಕ್ವೇರ್ ಎಂಎಂ ಇರಲಿ. ರೀಲ್ ಆದರೆ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟರೆ ಬಿಸಿಯಾಗುತ್ತದೆ. ಬೇಸ್‌ಮೆಂಟಿನಲ್ಲಿ ಕಾರು ತೊಳೆದ ಒದ್ದೆ ನೆಲದ ಮೇಲೆ ಎಂದಿಗೂ ಬೇಡ. ಅಸೋಸಿಯೇಷನ್‌ಗೆ ಒಂದು ಮಾತು ಹೇಳಿ, ಅದು ಕಾಮನ್ ಕರೆಂಟು ಅಲ್ವಾ.

ಭಾನುವಾರದ_ಬಕೆಟ್:

ಎಂಎಂ ಲೆಕ್ಕಕ್ಕೆ ಬರುತ್ತೇನೆ. ಪ್ಯಾಡ್ ಓಲಾಡುವ ಸುತ್ತಿನ ಅಗಲ ಅದು. ಥ್ರೋ ಅನ್ನುತ್ತಾರೆ. ಅಮೆರಿಕದಲ್ಲಿ ಎಷ್ಟೋ ಜನ ಕಲಿತ ಪೋರ್ಟರ್ ಕೇಬಲ್ 7424 ಎಕ್ಸ್‌ಪಿ 8 ಎಂಎಂ. ಇಟಲಿಯ ರುಪೆಸ್ ಬಿಗ್‌ಫುಟ್‌ನಲ್ಲಿ 15, 21 ಎರಡೂ ಇವೆ. ಈಗ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಮೆಷಿನ್‌ಗಳು ಆ ದಾರಿಯವೇ.

21 ಎಂಎಂ ಅಗಲ ಜಾಗವನ್ನು ಬೇಗ ಮುಗಿಸುತ್ತದೆ. ಎಸ್‌ಯುವಿ ಬಾನೆಟ್, ರೂಫ್ ಅಂದರೆ ಸರಿ. ಆದರೆ ಅದಕ್ಕೆ 150 ಎಂಎಂ ತಟ್ಟೆ (ಪ್ಯಾಡ್ ಅಂಟಿಸುವ ಬ್ಯಾಕಿಂಗ್ ಪ್ಲೇಟ್), ಅದಕ್ಕಿಂತ ದೊಡ್ಡ ಪ್ಯಾಡ್ ಬೇಕು. ಹ್ಯಾಚ್‌ಬ್ಯಾಕಿನ ಗಾಜುಗಳ ನಡುವಿನ ಕಂಬಗಳು, ಹ್ಯಾಂಡಲ್ ಸುತ್ತ, ಬಂಪರಿನ ತಿರುವು, ಇಲ್ಲೆಲ್ಲಾ ಅದು ಹಿಡಿಯುವುದೇ ಇಲ್ಲ. ತಿರುವಿನಲ್ಲಿ ಬೇಗ ನಿಲ್ಲುತ್ತದೆ ಕೂಡ. 8 ಎಂಎಂ ತಿರುವಿನಲ್ಲಿ ಸಲೀಸು, ಆದರೆ ಸವೆಸುವುದು ನಿಧಾನ, ಅದುರು ಕೈಗೆ ಜಾಸ್ತಿ. ನಿಮ್ಮ ಕಾರಿಗೆ 15 ಎಂಎಂ, 125 ಎಂಎಂ ತಟ್ಟೆ. 12 ಎಂಎಂ ಸಿಕ್ಕರೂ ಬಿಡಬೇಡಿ.

ಗೇರ್ ಇರುವುದು ಒಳ್ಳೆಯ ಮೆಷಿನ್ನೇ. ಜರ್ಮನಿಯ ಫ್ಲೆಕ್ಸ್ ಎಕ್ಸ್‌ಸಿ 3401 ಆ ಜಾತಿಗೆ ಹೆಸರುವಾಸಿ. ಒತ್ತಿದರೂ ತಿರುಗುತ್ತದೆ, ಅಂದರೆ ನಾನು ಮೇಲೆ ಹೇಳಿದ ರಕ್ಷಣೆ ಅಲ್ಲಿ ಕಡಿಮೆ. ಎರಡನೇ ಮೆಷಿನ್ ಆಗಿ ಯೋಚಿಸಿ.

ಕೊಳ್ಳುವಾಗ ವ್ಯಾಟ್ ನೋಡಿ ಮರುಳಾಗಬೇಡಿ. ಸಾಧ್ಯವಾದರೆ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಆನ್ ಮಾಡಿಸಿ. ವೇಗ ನಿಧಾನವಾಗಿ ಏರುತ್ತದಾ, ಇಲ್ಲ ಒಮ್ಮೆಲೇ ಎಗರುತ್ತದಾ ನೋಡಿ. ಒಮ್ಮೆಲೇ ಎಗರಿದರೆ ಪ್ಯಾಡಿಗೆ ಹಚ್ಚಿದ ಕಾಂಪೌಂಡ್ ಸುತ್ತಲಿನ ಗೋಡೆಗೆಲ್ಲಾ ಚಿಮ್ಮುತ್ತದೆ. ತೂಕ 2.5 ಕಿಲೋ ಒಳಗೆ ಇದ್ದರೆ ಬಾಗಿಲಿನ ಕೆಳಭಾಗ ಮಾಡುವಾಗ ತೋಳು ಉಳಿಯುತ್ತದೆ. ವೈರ್ ಉದ್ದ ಇರಲಿ. ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್, ಬ್ಯಾಕಿಂಗ್ ಪ್ಲೇಟ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಲೇಬೇಕು. ಈ ಎರಡು ಸಿಗದ ಮೆಷಿನ್ ಎಷ್ಟೇ ಅಗ್ಗವಾಗಿದ್ದರೂ ನಾನು ತಗೊಳ್ಳುವುದಿಲ್ಲ.

ಬಜೆಟ್ ಪೂರ್ತಿ ಮೆಷಿನ್‌ಗೆ ಸುರಿಯಬೇಡಿ. ಗೀರು ತೆಗೆಯುವುದು ಪ್ಯಾಡ್ ಮತ್ತು ಕಾಂಪೌಂಡ್. ಮೆಷಿನ್ ಅವನ್ನು ಆಡಿಸುತ್ತದೆ, ಅಷ್ಟೇ. ಪ್ಯಾಡುಗಳಲ್ಲಿ ಗಟ್ಟಿಯಾದ ಕಟಿಂಗ್ ಫೋಮ್ ಎರಡು, ಅದಕ್ಕಿಂತ ಮೆದುವಾದ ಪಾಲಿಶಿಂಗ್ ಫೋಮ್ ನಾಲ್ಕು, ತೀರಾ ಮೆತ್ತನೆಯದು ಒಂದು. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಆಗುವುದಿಲ್ಲ. ಸವೆದ ಪೇಂಟ್ ತುಂಬಿ, ಬಿಸಿಯಾಗಿ ವೆಲ್ಕ್ರೋ ಕಿತ್ತು ಬರುತ್ತದೆ. ಪ್ಯಾಡಿನ ಬಣ್ಣ ನೋಡಿ ಗಟ್ಟಿ ಮೆದು ನಿರ್ಧರಿಸಬೇಡಿ. ಒಂದು ಕಂಪನಿಯ ಹಳದಿ ಇನ್ನೊಂದು ಕಂಪನಿಯ ಹಳದಿಯಲ್ಲ.

ಕಾಂಪೌಂಡ್ ಮೆಂಜರ್ನಾ, ಮೆಗ್ವಾಯರ್ಸ್, ಸೋನಾಕ್ಸ್, 3ಎಂ ಯಾವುದಾದರೂ ಸರಿ. ಒಂದೇ ಕಂಪನಿಯ ಗೀರು ಸವೆಸುವ ಕಟಿಂಗ್ ಒಂದು, ಕೊನೆಗೆ ಹೊಳಪು ತರುವ ಫಿನಿಶಿಂಗ್ ಒಂದು ಸಣ್ಣ ಬಾಟಲ್ ತಗೊಳ್ಳಿ. ಒಳ್ಳೆಯ ಟಾರ್ಚ್ ಒಂದು ಬೇಕೇ ಬೇಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಕಾರೂ ಚಂದ ಕಾಣುತ್ತವೆ.

ಬಿಳಿಕಾರು_ದಾವಣಗೆರೆ:

ನಡುವೆ ನನ್ನದೊಂದು ಪ್ರಶ್ನೆ. ನಮ್ಮ ಮಾವನವರ ಹಳೇ ಬಿಳಿ ಕಾರು ಇದೆ. ಕೈಯಲ್ಲೇ ಒಂದು ಚೂರು ಕಾಂಪೌಂಡ್ ಹಾಕಿ ಉಜ್ಜಿ ನೋಡಿದೆ, ಬಟ್ಟೆಗೆ ಬಿಳಿ ಬಣ್ಣ ಹತ್ತಿತು. ಪೇಂಟ್ ಹೋಗುತ್ತಿದೆಯಾ? ಮೆಷಿನ್ ಹಾಕಬಹುದಾ?

ಪೇಂಟ್‌ಬೂತ್_ಹುಬ್ಬಳ್ಳಿ:

ಮೇಡಂ, ಕಾಂಪೌಂಡೇ ಬಿಳಿ ಇದ್ದರೆ ಗೊತ್ತಾಗುವುದಿಲ್ಲ, ಮೊದಲು ಅದನ್ನು ನೋಡಿ. ಕಾಂಪೌಂಡ್ ಬೇರೆ ಬಣ್ಣದ್ದಾಗಿದ್ದು ಬಟ್ಟೆ ಬಿಳಿ ಆದರೆ ಆ ಕಾರಿಗೆ ಕ್ಲಿಯರ್ ಕೋಟ್ ಇಲ್ಲ ಅಂತ ಅರ್ಥ. ಸಾಲಿಡ್ ಬಣ್ಣದ ಹಳೇ ಕಾರುಗಳಲ್ಲಿ ಹಾಗೆ ಇರುತ್ತದೆ. ಬಣ್ಣವೇ ಮೇಲಿನ ಪದರ. ಗಾಬರಿ ಬೇಡ. ಮೆದು ಪ್ಯಾಡು, ನಯವಾದ ಕಾಂಪೌಂಡು, ಡಿಎ ಮೆಷಿನ್. ಹೊಳಪು ತುಂಬಾ ಚೆನ್ನಾಗಿ ಬರುತ್ತದೆ. ಎಲ್ಲಾದರೂ ಪ್ರೈಮರಿನ ಬೂದು ಇಣುಕಿದರೆ ಮಾತ್ರ ಅಲ್ಲಿ ಕೈ ಹಾಕಬೇಡಿ.

ಕಪ್ಪು ಕಾರಿನವರು ಬಂಪರ್ ಹಿಂದೆ ಎಂದಾದರೂ ರೀಪೇಂಟ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ನಾವು ಹೊಡೆದ ಪೇಂಟ್ ಕಂಪನಿಯದಕ್ಕಿಂತ ಮೆದು ಇರಬಹುದು, ಬೇಗ ಸವೆಯುತ್ತದೆ. ದಪ್ಪ ಅಳೆಯುವ ಮೀಟರ್ ಇದ್ದರೆ ತಗಡಿನ ಮೇಲೆ ತಿಳಿಯುತ್ತದೆ. ಸಾಮಾನ್ಯ ಮೀಟರ್ ಪ್ಲಾಸ್ಟಿಕ್ ಬಂಪರ್ ಮೇಲೆ ಕೆಲಸ ಮಾಡುವುದಿಲ್ಲ.

ಸುಮ್ನೆ_ಓದುಗ:

ಡ್ರಿಲ್‌ಗೆ ಹಾಕುವ ಪ್ಯಾಡ್ ಕಿಟ್ ಬರುತ್ತದಲ್ಲ? ಹೆಡ್‌ಲೈಟ್ ಹಳದಿ ಆಗಿದೆ, ಅದಕ್ಕಾದರೂ ಆಗುತ್ತದಾ?

ಭಾನುವಾರದ_ಬಕೆಟ್:

ಹೆಡ್‌ಲೈಟ್‌ಗೆ ಆಗುತ್ತದೆ, ಕಡಿಮೆ ವೇಗದಲ್ಲಿ. ಕಾರಿನ ಪೇಂಟಿಗೆ ಬೇಡ. ಡ್ರಿಲ್ ಒಂದು ಬಗೆಯ ರೋಟರಿಯೇ, ಆದರೆ ಎರಡು ಕೈಯಲ್ಲಿ ಪ್ಯಾಡನ್ನು ಸಮವಾಗಿ ಹಿಡಿಯಲು ಬರುವುದಿಲ್ಲ. ಪ್ಯಾಡ್ ಓರೆಯಾಗಿ ಅಂಚು ಕೊರೆಯುತ್ತದೆ. ಹೆಡ್‌ಲೈಟ್ ಪಾಲಿಶ್ ಆದ ಮೇಲೆ ಬಿಸಿಲು ತಡೆಯುವ ಕೋಟ್ ಹಾಕದಿದ್ದರೆ ಮತ್ತೆ ಹಳದಿ ಆಗುತ್ತದೆ, ಅದು ನೆನಪಿರಲಿ.

ಕಪ್ಪುಕಾರು_ಮೈಸೂರು:

15 ಎಂಎಂ ಡಿಎ, 125 ಎಂಎಂ ತಟ್ಟೆಯದು ಬುಕ್ ಮಾಡಿದೆ. ಬ್ರಷ್, ಪ್ಲೇಟ್ ಸಿಗುತ್ತವೆ ಅಂತ ಮೊದಲೇ ಕೇಳಿಕೊಂಡೆ. ಉಳಿದ ದುಡ್ಡು ಪ್ಯಾಡು, ಕಾಂಪೌಂಡು, ಟಾರ್ಚ್‌ಗೆ. ಈಗ ಮೊದಲು ಎಲ್ಲಿಂದ ಶುರು ಮಾಡಲಿ? ಬೋರ್‌ವೆಲ್ ಕಲೆಯೂ ಇದರಲ್ಲೇ ಹೋಗುತ್ತದಾ?

ಭಾನುವಾರದ_ಬಕೆಟ್:

ಕಲೆಗೆ ಮೊದಲು ಮೆಷಿನ್ ಹಿಡಿಯಬೇಡಿ. ಬಿಳಿ ಕಲೆ ಅಂದರೆ ನೀರು ಆರಿ ಉಳಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅದು ಪೇಂಟಿನ ಮೇಲೆ ಕೂತಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ಕಾರು ತಣ್ಣಗಿರಲಿ. ಅದರಲ್ಲೂ ಹೋಗದೆ ಬಳೆಯಾಕಾರ ಉಳಿದರೆ ಅದು ಕ್ಲಿಯರ್ ಕೋಟನ್ನು ತಿಂದಿದೆ. ಆಗ ಪಾಲಿಶ್. ಆಳ ಇದ್ದರೆ ಅರ್ಧ ತಿಳಿಯಾದ ಕೂಡಲೇ ಬಿಟ್ಟುಬಿಡಿ. ಗೀರಿಗೂ ಅಷ್ಟೇ, ಉಗುರು ಆಡಿಸಿದಾಗ ಉಗುರು ಸಿಕ್ಕಿದರೆ ಅದು ಪಾಲಿಶಿನಲ್ಲಿ ಹೋಗುವ ಗೀರಲ್ಲ.

ತೊಳೆದ ಮೇಲೆ ಅಂಗೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ತರಿತರಿ ಅನ್ನಿಸಿದರೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಉಂಡೆ) ಬಳಸಿ. ಇಲ್ಲದಿದ್ದರೆ ಆ ತರಿಯನ್ನೇ ಮೆಷಿನ್ನಿನಲ್ಲಿ ಪೇಂಟಿಗೆ ತಿಕ್ಕಿದ ಹಾಗಾಗುತ್ತದೆ.

ಬಾನೆಟ್ಟಿನ ನಡುವೆ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಾಕಿ. ಮೆದು ಪ್ಯಾಡ್, ಫಿನಿಶಿಂಗ್ ಪಾಲಿಶ್‌ನಿಂದ ಶುರು. ಹೊಸ ಪ್ಯಾಡಿನ ಮುಖಕ್ಕೆಲ್ಲಾ ತೆಳುವಾಗಿ ಹಚ್ಚಿ, ಆಮೇಲೆ ಪ್ರತಿ ಸಲ ಬಟಾಣಿ ಗಾತ್ರದ ನಾಲ್ಕು ಹನಿ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ, ಪ್ಯಾಡ್ ತಿರುಗುತ್ತಿದೆಯಾ ಇಲ್ಲವಾ ಅಂತ ಅದರಿಂದಲೇ ತಿಳಿಯುವುದು. ವೈರ್ ಹೆಗಲ ಮೇಲಿರಲಿ. ಪ್ಯಾಡನ್ನು ಪೇಂಟಿನ ಮೇಲೆ ಇಟ್ಟ ಮೇಲೇ ಸ್ವಿಚ್. ವೇಗ 1ರಲ್ಲಿ ಹರಡಿ, 4ಕ್ಕೆ ಏರಿಸಿ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ. ಒಮ್ಮೆ ಅಡ್ಡ, ಒಮ್ಮೆ ಉದ್ದ, ಹಾಗೆ ನಾಲ್ಕಾರು ಸಲ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಮೆಷಿನ್ ತೂಕದ ಮೇಲೆ ಸ್ವಲ್ಪವೇ ಒತ್ತಡ. ಗೆರೆ ತಿರುಗುವುದು ನಿಂತರೆ ಒತ್ತಡ ಕಡಿಮೆ ಮಾಡಿ, ಇಲ್ಲವೇ ಪ್ಯಾಡ್ ಸಮ ಮಾಡಿ.

ಒರೆಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ನೀರು ಮೂರು ಪಾಲು ಬೆರೆಸಿ ಸಿಂಪಡಿಸಿ ಮತ್ತೆ ಒರೆಸಿ. ಪಾಲಿಶಿನ ಎಣ್ಣೆ ಹೋಗಿ ನಿಜವಾದ ಪೇಂಟ್ ಕಾಣುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಸಾಕಷ್ಟು ಹೋಗಿದ್ದರೆ ಇಡೀ ಕಾರಿಗೆ ಅದೇ ಜೋಡಿ. ಹೋಗಿಲ್ಲದಿದ್ದರೆ ಮಾತ್ರ ಒಂದು ಮೆಟ್ಟಿಲು ಗಟ್ಟಿ ಪ್ಯಾಡ್ ಅಥವಾ ಕಟಿಂಗ್ ಕಾಂಪೌಂಡ್. ನೂರಕ್ಕೆ ನೂರು ಬೆನ್ನು ಹತ್ತಬೇಡಿ. ಕ್ಲಿಯರ್ ಕೋಟ್ ಉಳಿಸಿಕೊಂಡರೆ ಮುಂದೆ ಇನ್ನೊಮ್ಮೆ ಪಾಲಿಶ್ ಮಾಡಲು ಜಾಗ ಇರುತ್ತದೆ.

ಬೆಳಿಗ್ಗೆ ಒರೆಸುವವರಿಗೆ ಒಳಗಿನ ಗಾಜು, ಮ್ಯಾಟ್ ಮಾತ್ರ ಸಾಕು ಅಂತ ಹೇಳಿ, ಅದೇ ಸಂಬಳ ಕೊಡಿ. ಪೇಂಟಿಗೆ ಆ ಬಟ್ಟೆ ಮತ್ತೆ ತಾಗಿದರೆ ಎರಡೇ ವಾರಕ್ಕೆ ಗೀರು ಶುರುವಾಗುತ್ತದೆ.

ಕಪ್ಪುಕಾರು_ಮೈಸೂರು:

ಇಷ್ಟು ವಿವರ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಕಂಬ, ಹ್ಯಾಂಡಲ್ ಸುತ್ತಲಿಗೆ 3 ಇಂಚಿನ ತಟ್ಟೆ ತಗೊಂಡು ಇದೇ ಮೆಷಿನ್‌ಗೆ ಹಾಕಬಹುದಾ?

ಭಾನುವಾರದ_ಬಕೆಟ್:

ಸ್ಪಿಂಡಲ್ ಥ್ರೆಡ್ ಹೊಂದಿದರೆ ಕೂರುತ್ತದೆ. ರೋಟರಿಯದು ಸಾಮಾನ್ಯವಾಗಿ ಎಂ14, ಡಿಎಯದು ಎಂ8 ಅಥವಾ 5/16 ಇಂಚು, ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ. ಆದರೆ ಮೆಷಿನ್ ಒಳಗಿನ ತೂಕದ ತುಂಡನ್ನು 125 ಎಂಎಂ ತಟ್ಟೆಗೆ ಹೊಂದುವಂತೆ ಇಟ್ಟಿರುತ್ತಾರೆ. ಸಣ್ಣ ತಟ್ಟೆ ಹಾಕಿದರೆ ಅದುರು ಜಾಸ್ತಿ, ಬೇರಿಂಗಿಗೂ ಒಳ್ಳೆಯದಲ್ಲ. ಆ ಜಾಗಗಳಿಗೆ ಸದ್ಯ ಕೈಯಲ್ಲೇ, ಸಣ್ಣ ಫೋಮ್ ತುಂಡಿಗೆ ಫಿನಿಶಿಂಗ್ ಪಾಲಿಶ್ ಹಚ್ಚಿ ಉಜ್ಜಿ. ಚೌಕದ ಕೆಲಸ ಆದ ಮೇಲೆ ಟಾರ್ಚ್ ಬೆಳಕಿನ ಫೋಟೋ ಹಾಕಿ, ಮುಂದಿನ ಪ್ಯಾಡ್ ಯಾವುದು ಅಂತ ನೋಡೋಣ.